ಮೇಲೆ ಬರೆದ ವಿಧಿ: ಅಧಿಕಾರದಾಸೆ ಮತ್ತು ಸಂವಿಧಾನದ ಕಟ್ಟು

ಹೂವಿನಹಡಗಲಿ ತಾಲ್ಲೂಕಿನ ಹಿರೇಹಡಗಲಿಯನ್ನು ಹೊರಗಿನವರು ಹೆಚ್ಚಾಗಿ ಅಲ್ಲಿನ ಚಾಲುಕ್ಯ ಶೈಲಿಯ ದೇಗುಲಕ್ಕಾಗಿ ಬಲ್ಲರು. ಶಾಸನ ವಿದ್ವಾಂಸರಲ್ಲಿ ಆ ಊರಿನ ಹೆಸರು ನಿಂತಿರುವುದು ಬೇರೊಂದು ಕಾರಣಕ್ಕೆ. ಅಲ್ಲಿ ದೊರೆತ ಪ್ರಾಕೃತ ಭಾಷೆಯ ತಾಮ್ರಪಟಗಳು ದಕ್ಷಿಣ ಭಾರತದ ಅತಿ ಪ್ರಾಚೀನ ತಾಮ್ರಶಾಸನಗಳ ಸಾಲಿಗೆ ಸೇರಿವೆ. ಕಂಚಿಯಿಂದ ಆಳುತ್ತಿದ್ದ ಪಲ್ಲವ ದೊರೆ ಶಿವಸ್ಕಂದವರ್ಮನು ಕ್ರಿಸ್ತಶಕ ನಾಲ್ಕನೆಯ ಶತಮಾನದಲ್ಲಿ, ತನ್ನ ಆಳ್ವಿಕೆಯ ಎಂಟನೆಯ ವರ್ಷ ಬರೆಸಿದ ದಾನಪತ್ರವದು. ಜಾರ್ಜ್ ಬ್ಯೂಲರ್ ಅವರು ಅದನ್ನು ‘ಎಪಿಗ್ರಾಫಿಯಾ ಇಂಡಿಕಾ’ದ ಮೊದಲ ಸಂಪುಟದಲ್ಲಿ ಸಂಪಾದಿಸಿ ಪ್ರಕಟಿಸಿದರು.

ವಿಷಯ ಸರಳವಾದುದು. ತಂದೆಯು ಬ್ರಾಹ್ಮಣರಿಗೆ ಕೊಟ್ಟಿದ್ದ ಒಂದು ತೋಟದ ದಾನವನ್ನು ಮಗನು ಸ್ಥಿರಪಡಿಸುತ್ತಾನೆ. ರಾಜಕುಮಾರರು, ಸೇನಾಪತಿಗಳು, ನಾಡನ್ನು ಆಳುವವರು, ಸುಂಕದವರು, ಹಳ್ಳಿಯ ಮುಖ್ಯರು, ಹೀಗೆ ಅಧಿಕಾರ ಹಿಡಿದ ಎಲ್ಲರನ್ನೂ ಸರದಿಯಾಗಿ ಕರೆದು ಆ ತೋಟದ ಗೊಡವೆಗೆ ಹೋಗಬಾರದೆಂದು ತಿಳಿಸುತ್ತಾನೆ. ಹಾಲು, ಮೊಸರು, ಎತ್ತು, ಹುಲ್ಲು, ಸೌದೆ ಯಾವುದನ್ನೂ ಅಲ್ಲಿಂದ ಕೀಳುವಂತಿಲ್ಲ. ಹಳ್ಳಿಗೆ ಬಂದ ಅಧಿಕಾರಿ ಏನೇನನ್ನು ಕೇಳುತ್ತಿದ್ದನೆಂಬುದು ಈ ಪಟ್ಟಿಯಿಂದಲೇ ಗೊತ್ತಾಗುತ್ತದೆ. ಆಮೇಲೆ ಬರುವ ಎರಡು ಮಾತುಗಳಿಗಾಗಿ ನಾನು ಈ ಶಾಸನವನ್ನು ದೈವಶಾಸ್ತ್ರದ ತರಗತಿಗೆ ತರುತ್ತೇನೆ. ಮೊದಲನೆಯದು, ತಾನು ದೊರೆಗೆ ಬೇಕಾದವನೆಂಬ ಮದದಿಂದ ಯಾರಾದರೂ ಈ ಕಟ್ಟಳೆಯನ್ನು ಮೀರಿದರೆ ಅವರನ್ನು ದಂಡಿಸಿ ತಡೆಯುವೆನೆಂಬ ಎಚ್ಚರಿಕೆ. ಎರಡನೆಯದು ಮುಂದಿನ ಅರಸರಿಗೆ, ತನ್ನ ವಂಶದವರಿಗೂ ಬೇರೆ ವಂಶದಿಂದ ಬರಬಹುದಾದವರಿಗೂ: ಮೇಲೆ ಬರೆದ ವಿಧಿಯಂತೆ ಜನರನ್ನು ನಡೆಸುವವನಿಗೆ ಶುಭವಾಗಲಿ, ಮೀರುವವನಿಗೆ ಪಂಚಮಹಾಪಾತಕಗಳ ದೋಷ ತಟ್ಟಲಿ.

ಈ ಎರಡರ ನಡುವಿನ ಅಂತರವನ್ನು ಗಮನಿಸಬೇಕು. ಅರಸನ ಮೆಚ್ಚಿನವನನ್ನು ತಡೆಯಲು ಅರಸನ ದಂಡವಿದೆ. ಮುಂದೆ ಬರುವ ಅರಸನನ್ನೇ ತಡೆಯಲು ಪ್ರಾರ್ಥನೆ ಮತ್ತು ಶಾಪದ ಹೊರತು ಏನೂ ಇಲ್ಲ. ಬರೆದಿಟ್ಟ ವಿಧಿಯೊಂದು ಬರೆದವನ ಕಾಲವನ್ನೂ ದಾಟಿ ಆಳುವವನನ್ನು ಕಟ್ಟಬೇಕೆಂಬ ಅರಿವು ಶಿವಸ್ಕಂದವರ್ಮನಿಗಿತ್ತು. ಕಟ್ಟುವ ಹಗ್ಗ ಅವನ ಬಳಿ ಇರಲಿಲ್ಲ.

ಎರಡು ಬಲಗಳು

ಧರ್ಮೋಪದೇಶಕಾಂಡದ 17ನೆಯ ಅಧ್ಯಾಯದಲ್ಲಿ ಇದೇ ತೊಡಕು ಇನ್ನೊಂದು ರೂಪದಲ್ಲಿದೆ. ಇಸ್ರಯೇಲಿನ ಅರಸನು ಕುದುರೆಗಳನ್ನೂ ಹೆಂಡಿರನ್ನೂ ಬೆಳ್ಳಿಬಂಗಾರವನ್ನೂ ಮಿತಿಮೀರಿ ಕೂಡಿಸಬಾರದು. ಸಿಂಹಾಸನವೇರಿದ ಮೇಲೆ ಲೇವಿಯ ಯಾಜಕರ ವಶದಲ್ಲಿರುವ ಧರ್ಮಶಾಸ್ತ್ರದಿಂದ ತನಗಾಗಿ ಒಂದು ಪ್ರತಿ ಬರೆದುಕೊಂಡು ಜೀವಮಾನವಿಡೀ ಓದಬೇಕು. ತನ್ನ ಸಹೋದರರಿಗಿಂತ ತಾನು ಮೇಲೆಂಬ ಗರ್ವ ಅವನ ಮನಸ್ಸಿನಲ್ಲಿ ಏಳಬಾರದೆಂಬುದೇ ಅದರ ಉದ್ದೇಶ. ಸುತ್ತಲಿನ ನಾಡುಗಳಲ್ಲಿ ಕಟ್ಟಳೆ ಕೊಡುವವನು ಅರಸ. ಇಲ್ಲಿ ಅರಸನೇ ಕಟ್ಟಳೆಯ ವಿದ್ಯಾರ್ಥಿ. ಆದರೂ ಓದದೆ ಹೋದರೆ ಏನು ಮಾಡಬೇಕೆಂದು ಆ ಅಧ್ಯಾಯ ಹೇಳುವುದಿಲ್ಲ.

ಸಂತ ಥಾಮಸ್ ಅಕ್ವಿನಾಸರು ಈ ಪ್ರಶ್ನೆಗೆ ಖಚಿತವಾದ ಹೆಸರುಗಳನ್ನು ಕೊಟ್ಟಿದ್ದಾರೆ. ಆಳುವವನು ಕಾನೂನಿಗೆ ಅಧೀನನೇ ಎಂಬ ಪ್ರಶ್ನೆಗೆ ‘ಸುಮ್ಮಾ ಥಿಯೊಲಾಜಿಯೆ’ಯಲ್ಲಿ (ಎರಡನೆಯ ಭಾಗದ ಮೊದಲ ವಿಭಾಗ, ಪ್ರಶ್ನೆ 96, ಪ್ರಕರಣ 5) ಅವರು ಕಾನೂನಿನ ಎರಡು ಬಲಗಳನ್ನು ಬೇರ್ಪಡಿಸುತ್ತಾರೆ. ದಾರಿ ತೋರುವ ಬಲ ಒಂದು, ಬಲವಂತಪಡಿಸುವ ಬಲ ಇನ್ನೊಂದು. ದಾರಿ ತೋರುವ ಬಲಕ್ಕೆ ಅರಸನೂ ಅಧೀನ. ದೇವರ ಮುಂದೆ ಅವನು ಉತ್ತರ ಹೇಳಬೇಕು. ಆದರೆ ತನ್ನನ್ನು ತಾನೇ ದಂಡಿಸಿಕೊಳ್ಳುವವರಿಲ್ಲವಾದ್ದರಿಂದ ಬಲವಂತಪಡಿಸುವ ಬಲ ಅವನನ್ನು ಮುಟ್ಟದು. ಹಿರೇಹಡಗಲಿಯ ತಾಮ್ರಪಟ ನಿಂತದ್ದೂ ಇದೇ ಹೊಸ್ತಿಲಲ್ಲಿ. ಅಕ್ವಿನಾಸರಿಗೆ ಇದರಿಂದ ಪೂರ್ತಿ ಸಮಾಧಾನವಿರಲಿಲ್ಲವೆಂದು ನನ್ನ ಓದು. ಏಕೆಂದರೆ ಅರಸೊತ್ತಿಗೆಯನ್ನು ಕುರಿತ ಕಿರುಗ್ರಂಥದಲ್ಲಿ ಅವರು, ಅರಸನು ಸುಲಭವಾಗಿ ನಿರಂಕುಶನಾಗದಂತೆ ಅವನ ಅಧಿಕಾರವನ್ನು ಮೊದಲೇ ಹದಗೊಳಿಸಿರಬೇಕೆನ್ನುತ್ತಾರೆ. ಸುಮ್ಮಾದ ಅದೇ ವಿಭಾಗದ 105ನೆಯ ಪ್ರಶ್ನೆಯಲ್ಲಿ, ಒಬ್ಬನ ನಾಯಕತ್ವ, ಹಲವರ ಪಾಲುದಾರಿಕೆ, ಎಲ್ಲರ ಆಯ್ಕೆ ಈ ಮೂರೂ ಕೂಡಿದ ವ್ಯವಸ್ಥೆಯೇ ಉತ್ತಮವೆನ್ನುತ್ತಾರೆ.

ಆಧುನಿಕ ಸಂವಿಧಾನಗಳು ಮಾಡಿದ ಕೆಲಸವೆಂದರೆ, ಆಳುವವನಿಗೂ ಮುಟ್ಟುವ ಬಲವೊಂದನ್ನು ಕಟ್ಟಿಕೊಟ್ಟದ್ದು. ಅವಧಿಗೊಮ್ಮೆ ಚುನಾವಣೆ, ಸರ್ಕಾರದ ಆಜ್ಞೆಯನ್ನು ರದ್ದುಗೊಳಿಸಬಲ್ಲ ನ್ಯಾಯಾಲಯ, ಸದನದ ವಿಶ್ವಾಸ ಕಳೆದುಕೊಂಡೊಡನೆ ಕೆಳಗಿಳಿಯಬೇಕಾದ ಮಂತ್ರಿಮಂಡಲ: ಇವೆಲ್ಲ ಶಾಪದ ಜಾಗದಲ್ಲಿ ಬಂದು ಕುಳಿತ ಸಾಧನಗಳು. 1991ರ ‘ಚೆಂತೆಸಿಮುಸ್ ಆನ್ನುಸ್’ ವಿಶ್ವಪತ್ರದ 44ನೆಯ ಪರಿಚ್ಛೇದದಲ್ಲಿ ಜಗದ್ಗುರು ಎರಡನೆಯ ಜಾನ್ ಪೌಲರು, ಒಂದು ಅಧಿಕಾರವನ್ನು ಇನ್ನೊಂದು ಅಧಿಕಾರ ಮಿತಿಯಲ್ಲಿಡುವ ಏರ್ಪಾಟನ್ನು ಹೆಸರಿಸಿಯೇ ಒಪ್ಪಿದ್ದಾರೆ. ನಮ್ಮ ಸಂವಿಧಾನ ರಚನಾಸಭೆಯಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಯೇಸುಸಭೆಯ ಗುರು ಜೆರೋಮ್ ಡಿಸೋಜರು ಸದಸ್ಯರಾಗಿದ್ದರೆಂಬುದನ್ನೂ ಇಲ್ಲಿ ನೆನೆಯಬಹುದು. ನಮ್ಮ ಗುರು ಅಭ್ಯರ್ಥಿಗಳಲ್ಲಿ ಹಲವರು ಅವರ ಹೆಸರನ್ನೇ ಕೇಳಿರುವುದಿಲ್ಲ.

ಇನ್ನು ಮಹತ್ವಾಕಾಂಕ್ಷೆ. ಅಕ್ವಿನಾಸರು ಅದನ್ನು ಎರಡನೆಯ ವಿಭಾಗದ 131ನೆಯ ಪ್ರಶ್ನೆಯಲ್ಲಿ ಚರ್ಚಿಸುತ್ತಾರೆ. ದೊಡ್ಡ ಕೆಲಸಗಳಿಗೆ ಕೈಹಾಕುವ ಮನಸ್ಸು ಅವರ ದೃಷ್ಟಿಯಲ್ಲಿ ಸದ್ಗುಣವೇ. ಗೌರವದಾಸೆ ಮೂರು ಬಗೆಯಲ್ಲಿ ಹದಗೆಡುತ್ತದೆ: ತನ್ನಲ್ಲಿಲ್ಲದ ಹಿರಿಮೆಗೆ ಮನ್ನಣೆ ಬಯಸಿದಾಗ, ಆ ಹಿರಿಮೆ ದೇವರು ಕೊಟ್ಟದ್ದೆಂಬುದನ್ನು ಮರೆತಾಗ, ಅದು ಇತರರ ಒಳಿತಿಗಾಗಿ ದೊರೆತದ್ದೆಂಬುದನ್ನು ಬಿಟ್ಟು ಗೌರವದಲ್ಲೇ ನೆಲೆ ನಿಂತಾಗ. ಮೂರನೆಯದು ರಾಜಕಾರಣಕ್ಕೆ ನೇರವಾಗಿ ತಾಗುತ್ತದೆ. ಇಂಥ ನಾಯಕನು ಜನರ ಒಳಿತನ್ನು ಮಾಡುತ್ತಿರಲೂಬಹುದು. ಆದರೆ ‘ನಾನಿಲ್ಲದೆ ಆ ಒಳಿತಿಲ್ಲ’ ಎಂಬಲ್ಲಿಗೆ ಅವನು ಬಂದಿರುತ್ತಾನೆ, ಮತ್ತು ತನ್ನನ್ನು ತಡೆಯುವ ಪ್ರತಿಯೊಂದು ವಿಧಿಯೂ ಜನರಿಗೆ ಅಡ್ಡಿಯೆಂದೇ ಅವನಿಗೆ ಕಾಣುತ್ತದೆ.

ಆಗ ಅವನು ವಿಧಿಯನ್ನು ಹರಿದೆಸೆಯುವುದು ಅಪರೂಪ. ಅಹಾಬನ ಕಥೆಯನ್ನು ನೋಡಿರಿ (1 ಅರಸುಗಳು 21). ನಾಬೋತನು ಪಿತ್ರಾರ್ಜಿತ ದ್ರಾಕ್ಷಿತೋಟವನ್ನು ಕೊಡಲೊಲ್ಲೆನೆಂದಾಗ ರಾಣಿ ಈಜೆಬೆಲಳು ಸೈನಿಕರನ್ನು ಕಳುಹಿಸಲಿಲ್ಲ. ಅರಸನ ಹೆಸರಿನಲ್ಲಿ ಪತ್ರ ಬರೆದು ಅವನ ಮುದ್ರೆ ಒತ್ತಿದಳು. ಊರಿನಲ್ಲಿ ಉಪವಾಸ ಸಾರಲಾಯಿತು, ಸಭೆ ಕೂಡಿತು, ಶಾಸ್ತ್ರ ಕೇಳುವಂತೆ ಸಾಕ್ಷಿಗಳೂ ಇಬ್ಬರೇ ಬಂದರು, ತೀರ್ಪಾಯಿತು, ಕಲ್ಲೇಟಿನ ಶಿಕ್ಷೆ ನಡೆಯಿತು. ನಡಾವಳಿಯಲ್ಲಿ ಹೆಸರಿಸಬಹುದಾದ ಲೋಪವೊಂದಿಲ್ಲ. ಪತ್ರದಲ್ಲಿದ್ದಂತೆ ಊರಿನ ಹಿರಿಯರು ಮಾಡಿದರು ಎಂದಷ್ಟೇ ಗ್ರಂಥ ಹೇಳುತ್ತದೆ. ಒಬ್ಬನೂ ಒಂದು ಪ್ರಶ್ನೆ ಕೇಳಿದ್ದು ದಾಖಲಾಗಿಲ್ಲ.

ಎಡನೀರಿನಿಂದ ಮಿನರ್ವಾ ಗಿರಣಿಯವರೆಗೆ

ನಮ್ಮ ದೇಶದಲ್ಲಿ ಲೇಖನಿಯೇ ಅರಸನ ಕೈಸೇರಿದ ಕಾಲ 1973ರಿಂದ 1977ರವರೆಗಿನದು. ಆ ಕಥೆಯ ಮುಖ್ಯ ತಿರುವುಗಳಲ್ಲೆಲ್ಲ ಕನ್ನಡ ನಾಡಿನ ಒಂದು ಊರೋ ಒಬ್ಬ ವ್ಯಕ್ತಿಯೋ ಇರುವುದರಿಂದ ಅದನ್ನು ಸ್ವಲ್ಪ ವಿವರವಾಗಿ ನೋಡುವುದು ಯುಕ್ತ.

ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮೀಜಿಯವರು 1970ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟಿಗೆ ಅರ್ಜಿ ಸಲ್ಲಿಸಿದಾಗ ಅವರಿಗಿನ್ನೂ ಮೂವತ್ತು ತುಂಬಿರಲಿಲ್ಲ. ಕೇರಳದ ಭೂಸುಧಾರಣೆ ಕಾಯಿದೆಯಿಂದ ಮಠದ ಜಮೀನು ಹೋಗುವುದನ್ನು ಪ್ರಶ್ನಿಸಿದ ಅರ್ಜಿಯದು. ಇಲ್ಲಿ ಪ್ರಾಮಾಣಿಕರಾಗಿರಬೇಕು: ಜಮೀನಿನ ವಿಷಯದಲ್ಲಿ ನ್ಯಾಯ ಗೇಣಿದಾರನ ಕಡೆಗಿತ್ತೆಂದೇ ನನ್ನ ಎಣಿಕೆ. ಧರ್ಮಸಭೆಯ ಸಾಮಾಜಿಕ ಬೋಧನೆಯನ್ನು ಓದಿದವರು ಬೇರೆ ಹೇಳಲಾರರು. ಕರ್ನಾಟಕದಲ್ಲಿ ದೇವರಾಜ ಅರಸರ ಸರ್ಕಾರವು ಜಾರಿಗೊಳಿಸಿದ 1974ರ ಭೂಸುಧಾರಣೆ ತಿದ್ದುಪಡಿಯಿಂದ ಉಳುವವನೇ ಹೊಲದೊಡೆಯನಾದ ಕುಟುಂಬಗಳು ನಮ್ಮ ಧರ್ಮಕೇಂದ್ರಗಳಲ್ಲೂ ಇವೆ. ಸ್ವಾಮೀಜಿಯವರು ತಮ್ಮ ಮೂಲ ಬೇಡಿಕೆಯಲ್ಲಿ ಗೆಲ್ಲಲೂ ಇಲ್ಲ. ಆದರೆ ಅರ್ಜಿ ಕೋರ್ಟಿನಲ್ಲಿದ್ದಾಗಲೇ ಸಂಸತ್ತು ಸಂವಿಧಾನಕ್ಕೆ ತಂದ ತಿದ್ದುಪಡಿಗಳಿಂದಾಗಿ ಪ್ರಶ್ನೆ ತೋಟದ ಬೇಲಿಯನ್ನು ದಾಟಿ ಬೆಳೆಯಿತು. ಬಹುಮತವುಳ್ಳ ಸಂಸತ್ತು ಸಂವಿಧಾನದಲ್ಲಿ ಏನನ್ನು ಬೇಕಾದರೂ ಬದಲಿಸಬಹುದೇ?

ಹದಿಮೂರು ನ್ಯಾಯಮೂರ್ತಿಗಳು 68 ದಿನ ವಾದ ಕೇಳಿ 1973ರ ಏಪ್ರಿಲ್ 24ರಂದು ತೀರ್ಪಿತ್ತರು. ಏಳು ಮಂದಿಯ ಅಭಿಪ್ರಾಯದಂತೆ, ಸಂಸತ್ತು ಯಾವ ವಿಧಿಯನ್ನಾದರೂ ತಿದ್ದಬಹುದು, ಸಂವಿಧಾನದ ಮೂಲ ಸಂರಚನೆಯನ್ನು ಮಾತ್ರ ಕೆಡಿಸುವಂತಿಲ್ಲ. ಆರು ಮಂದಿಯ ಅಭಿಪ್ರಾಯ ಬೇರೆಯಾಗಿತ್ತು. ತೀರ್ಪು ಬಂದ ಬೆನ್ನಲ್ಲೇ ಮುಖ್ಯ ನ್ಯಾಯಮೂರ್ತಿ ಸ್ಥಾನಕ್ಕೆ ಆ ಆರು ಮಂದಿಯಲ್ಲೊಬ್ಬರಾದ ಎ. ಎನ್. ರೇ ಅವರನ್ನು ಸರ್ಕಾರ ನೇಮಿಸಿತು. ಅವರಿಗಿಂತ ಹಿರಿಯರಾದ, ಬಹುಮತದ ಕಡೆಗಿದ್ದ ಶೇಲತ್, ಹೆಗ್ಡೆ, ಗ್ರೋವರ್ ಮೂವರನ್ನೂ ದಾಟಿಸಿ ಮಾಡಿದ ನೇಮಕವದು. ಮೂವರೂ ರಾಜೀನಾಮೆ ಕೊಟ್ಟರು. ಕೆ. ಎಸ್. ಹೆಗ್ಡೆಯವರು ಕಾರ್ಕಳ ತಾಲ್ಲೂಕಿನ ಕೌಡೂರಿನವರು. ಹಿರಿತನವನ್ನು ಪಾಲಿಸಲೇಬೇಕೆಂದು ಸಂವಿಧಾನದಲ್ಲಿ ಎಲ್ಲೂ ಬರೆದಿರಲಿಲ್ಲ. ಮುರಿದದ್ದು ಒಂದು ರೂಢಿಯನ್ನು ಮಾತ್ರ. ಸರ್ಕಾರದ ವಿರುದ್ಧ ತೀರ್ಪು ಕೊಟ್ಟವನಿಗೆ ಮುಂದೆ ಏನಾಗುವುದೆಂಬ ಪಾಠವನ್ನು ದೇಶದ ನ್ಯಾಯಾಧೀಶರೆಲ್ಲ ಕಲಿತುಕೊಂಡರು.

1975ರ ಜೂನ್ 12ರಂದು ಅಲಹಾಬಾದ್ ಹೈಕೋರ್ಟಿನ ನ್ಯಾಯಮೂರ್ತಿ ಜಗಮೋಹನಲಾಲ್ ಸಿನ್ಹಾ ಅವರು ಪ್ರಧಾನಿ ಇಂದಿರಾ ಗಾಂಧಿಯವರ ಚುನಾವಣೆಯನ್ನು ಅಸಿಂಧುಗೊಳಿಸಿದರು. ಜೂನ್ 25ರ ರಾತ್ರಿ ‘ಆಂತರಿಕ ಕ್ಷೋಭೆ’ಯ ಕಾರಣ ನೀಡಿ ತುರ್ತು ಪರಿಸ್ಥಿತಿಯ ಘೋಷಣೆಗೆ ರಾಷ್ಟ್ರಪತಿಗಳು ಸಹಿ ಹಾಕಿದರು, ಮಂತ್ರಿಮಂಡಲದ ಒಪ್ಪಿಗೆ ಪಡೆದದ್ದು ಮರುದಿನ ಬೆಳಿಗ್ಗೆ. ಇಲ್ಲಿ ಅಕ್ವಿನಾಸರ ಇನ್ನೊಂದು ಮಾತು ನೆನಪಾಗುತ್ತದೆ (ಎರಡನೆಯ ವಿಭಾಗ, ಪ್ರಶ್ನೆ 42). ಸ್ವಂತ ಹಿತಕ್ಕಾಗಿ ಆಳುವವನನ್ನು ಎದುರಿಸುವುದು ದಂಗೆಯಾಗದು. ಪ್ರಜೆಗಳಲ್ಲಿ ಒಡಕು ಹುಟ್ಟಿಸಿ ತನ್ನ ಸ್ಥಾನವನ್ನು ಭದ್ರಪಡಿಸಿಕೊಳ್ಳುವ ಅರಸನೇ ದಂಗೆಕೋರನೆಂದು ಅವರ ವಾದ. ಆ ಎದುರಿಸುವಿಕೆಯಿಂದ ಇನ್ನೂ ದೊಡ್ಡ ಕೇಡು ಬರಬಾರದೆಂಬ ಷರತ್ತನ್ನೂ ಅವರೇ ಹಾಕಿದ್ದಾರೆ. ಈ ಷರತ್ತನ್ನು ಮರೆತು ಅವರನ್ನು ಉದ್ಧರಿಸುವುದು ನಮ್ಮಲ್ಲಿ ವಾಡಿಕೆಯಾಗಿದೆ.

ಆಮೇಲೆ ನಡೆದದ್ದರಲ್ಲಿ ಮುಕ್ಕಾಲು ಪಾಲು ಕಾನೂನಿನ ರೂಪದಲ್ಲೇ ನಡೆಯಿತು. 39ನೆಯ ತಿದ್ದುಪಡಿಯನ್ನೇ ತೆಗೆದುಕೊಳ್ಳಿರಿ. ಪ್ರಧಾನಿಯ ಚುನಾವಣೆಯನ್ನು ನ್ಯಾಯಾಲಯಗಳ ವಿಚಾರಣೆಯಿಂದ ಹೊರಗಿಡುವುದು ಅದರ ಗುರಿ, ನಡೆಯುತ್ತಿದ್ದ ಮೊಕದ್ದಮೆಗೂ ಅನ್ವಯಿಸುವಂತೆ. 1975ರ ಆಗಸ್ಟ್ 7ರಂದು ಲೋಕಸಭೆ, 8ರಂದು ರಾಜ್ಯಸಭೆ, 9ರಂದು ರಾಜ್ಯ ವಿಧಾನಸಭೆಗಳು, 10ರ ಭಾನುವಾರ ರಾಷ್ಟ್ರಪತಿಗಳ ಅಂಕಿತ. ಪ್ರಧಾನಿಯ ಮೇಲ್ಮನವಿ ಸುಪ್ರೀಂ ಕೋರ್ಟಿನ ಮುಂದೆ ಬರಬೇಕಾಗಿದ್ದದ್ದು 11ರಂದು. ಅದೇ 9ರಂದು ರಾಜ್ಯಸಭೆ ಅಂಗೀಕರಿಸಿದ ಇನ್ನೊಂದು ಮಸೂದೆಯು, ರಾಷ್ಟ್ರಪತಿ, ಪ್ರಧಾನಿ, ರಾಜ್ಯಪಾಲರಾದವರ ಮೇಲೆ ಕ್ರಿಮಿನಲ್ ಮೊಕದ್ದಮೆಯನ್ನು ಜೀವಮಾನವಿಡೀ ಹೂಡದಂತೆ ರಕ್ಷಣೆ ಕೊಡುವಂಥದ್ದು. ಲೋಕಸಭೆಗೆ ಅದು ಬರಲೇ ಇಲ್ಲ. ಈಜೆಬೆಲಳ ಪತ್ರದಂತೆ ಇಲ್ಲೂ ಮುದ್ರೆ ಇತ್ತು, ಸಭೆ ಇತ್ತು, ಎಣಿಕೆಗೆ ಬೇಕಾದ ಕೈಗಳಿದ್ದವು. ಆ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟು ಪ್ರಧಾನಿಯ ಆಯ್ಕೆಯನ್ನು ಎತ್ತಿಹಿಡಿಯಿತಾದರೂ, ಎಡನೀರಿನ ಮೊಕದ್ದಮೆಯಲ್ಲಿ ಹುಟ್ಟಿದ ಸೂತ್ರವನ್ನೇ ಬಳಸಿ ಆ ತಿದ್ದುಪಡಿಯ ತಿರುಳನ್ನು ತಳ್ಳಿಹಾಕಿತು.

ಬೆಂಗಳೂರಿನಲ್ಲಿ ಏನಾಗುತ್ತಿತ್ತು? ಸಂಸದೀಯ ಸಮಿತಿಯೊಂದರ ಸಭೆಗೆ ಬಂದಿದ್ದ ಎಲ್. ಕೆ. ಆಡ್ವಾಣಿ, ಮಧು ದಂಡವತೆ, ಶ್ಯಾಮನಂದನ ಮಿಶ್ರ ಮತ್ತು ವಾಜಪೇಯಿಯವರನ್ನು ಜೂನ್ 26ರಂದು ಅಲ್ಲಿಯೇ ಬಂಧಿಸಲಾಯಿತು. ಅವರು ಹೈಕೋರ್ಟಿನ ಮೊರೆಹೊಕ್ಕರು. ತುರ್ತು ಪರಿಸ್ಥಿತಿಯಲ್ಲೂ ಬಂಧನದ ನ್ಯಾಯಬದ್ಧತೆಯನ್ನು ಪ್ರಶ್ನಿಸಬಹುದೆಂದು ಎತ್ತಿಹಿಡಿದ ಒಂಬತ್ತು ಹೈಕೋರ್ಟುಗಳಲ್ಲಿ ಕರ್ನಾಟಕದ್ದೂ ಒಂದು. ಆ ಮೊಕದ್ದಮೆಯನ್ನು ಕೇಳಿದ್ದ ನ್ಯಾಯಮೂರ್ತಿಗಳಾದ ಡಿ. ಎಂ. ಚಂದ್ರಶೇಖರ್ ಮತ್ತು ಸದಾನಂದಸ್ವಾಮಿ ಅವರಿಗೆ 1976ರಲ್ಲಿ ಹೊರರಾಜ್ಯಗಳಿಗೆ ವರ್ಗವಾಯಿತು. ವರ್ಗಾವಣೆಯೂ ಕಾನೂನುಬದ್ಧವೇ.

ಹೈಕೋರ್ಟುಗಳ ಈ ತೀರ್ಪುಗಳ ಮೇಲ್ಮನವಿ ಸುಪ್ರೀಂ ಕೋರ್ಟಿಗೆ ಹೋದಾಗ ನ್ಯಾಯಮೂರ್ತಿ ಎಚ್. ಆರ್. ಖನ್ನಾ ಅವರು ಸರ್ಕಾರದ ವಕೀಲರನ್ನು ಕೇಳಿದ ಪ್ರಶ್ನೆ ಪ್ರಸಿದ್ಧವಾದುದು: ಪೊಲೀಸನೊಬ್ಬನು ವೈಯಕ್ತಿಕ ದ್ವೇಷದಿಂದ ಒಬ್ಬನನ್ನು ಕೊಂದರೂ ಪರಿಹಾರವಿಲ್ಲವೇ? ತುರ್ತು ಪರಿಸ್ಥಿತಿ ಇರುವವರೆಗೆ ಇಲ್ಲವೆಂಬುದು ಅಟಾರ್ನಿ ಜನರಲ್ ನಿರೇನ್ ಡೇ ಅವರ ಉತ್ತರವಾಗಿತ್ತು. 1976ರ ಏಪ್ರಿಲ್ 28ರಂದು ನಾಲ್ವರು ನ್ಯಾಯಮೂರ್ತಿಗಳು ಸರ್ಕಾರದ ವಾದವನ್ನು ಒಪ್ಪಿದರು. ಖನ್ನಾ ಒಬ್ಬರೇ ಒಪ್ಪಲಿಲ್ಲ. ಮರುವರ್ಷದ ಜನವರಿಯಲ್ಲಿ ಅವರನ್ನು ದಾಟಿಸಿ ಅವರಿಗಿಂತ ಕಿರಿಯರಾದ ಬೇಗ್ ಅವರನ್ನು ಮುಖ್ಯ ನ್ಯಾಯಮೂರ್ತಿಯಾಗಿ ನೇಮಿಸಲಾಯಿತು.

ಈ ತೀರ್ಪಿನ ದಿನಗಳಲ್ಲೇ ಬೆಂಗಳೂರಿನಲ್ಲಿ ನಡೆದ ಎರಡು ಸಂಗತಿಗಳು ಗುರುಮಠದ ಓದುಗರಿಗೆ ಹತ್ತಿರದವು. ಬೆಂಗಳೂರಿನ ಸಂತ ಪೇತ್ರರ ಗುರುಮಠದಲ್ಲಿ ಗುರು ಅಭ್ಯರ್ಥಿಯಾಗಿದ್ದು, ದೀಕ್ಷೆಗೆ ಮುಂಚೆಯೇ ಹೊರನಡೆದ ಮಂಗಳೂರಿನ ಜಾರ್ಜ್ ಫೆರ್ನಾಂಡಿಸರು ಆಗ ಭೂಗತರಾಗಿದ್ದರು. ಅವರ ಸುಳಿವಿಗಾಗಿ ತಮ್ಮ ಲಾರೆನ್ಸರನ್ನು 1976ರ ಮೇ 1ರಂದು ಪೊಲೀಸರು ಹಿಡಿದೊಯ್ದು ಚಿತ್ರಹಿಂಸೆಗೆ ಗುರಿಪಡಿಸಿದರು. ಮರುದಿನ ಬಂಧಿತರಾದ ‘ಸಂಸ್ಕಾರ’ ಚಿತ್ರದ ನಟಿ ಸ್ನೇಹಲತಾ ರೆಡ್ಡಿ, ಅಸ್ತಮಾದಿಂದ ನರಳುತ್ತ ಬೆಂಗಳೂರಿನ ಸೆರೆಮನೆಯಲ್ಲಿ ತಿಂಗಳುಗಟ್ಟಲೆ ಕಳೆದು, 1977ರ ಜನವರಿ 15ರಂದು ಪೆರೋಲ್ ಮೇಲೆ ಹೊರಬಂದು 20ರಂದು ತೀರಿಕೊಂಡರು. ಬಂದೀ ಪ್ರತ್ಯಕ್ಷೀಕರಣದ ಹಕ್ಕು ಇಲ್ಲವಾಯಿತೆಂದರೆ ಏನೆಂಬುದು ಕಾನೂನು ಪುಸ್ತಕಕ್ಕಿಂತ ಇಂಥ ಬದುಕುಗಳಲ್ಲಿ ಸ್ಪಷ್ಟವಾಗುತ್ತದೆ.

1976ರ 42ನೆಯ ತಿದ್ದುಪಡಿಯು ಲೋಕಸಭೆಯ ಅವಧಿಯನ್ನು ಐದರಿಂದ ಆರು ವರ್ಷಕ್ಕೆ ಏರಿಸಿತು. ಸಂವಿಧಾನ ತಿದ್ದುಪಡಿಯನ್ನು ಯಾವ ನ್ಯಾಯಾಲಯವೂ ಪ್ರಶ್ನಿಸಬಾರದೆಂದು 368ನೆಯ ವಿಧಿಯಲ್ಲೇ ಬರೆಯಿತು. ಆ ಎರಡನೆಯ ಭಾಗವನ್ನು ಹೊಡೆದುಹಾಕಿದ್ದು 1980ರ ಜುಲೈ 31ರ ತೀರ್ಪು, ಬೆಂಗಳೂರಿನ ಮಿನರ್ವಾ ಬಟ್ಟೆ ಗಿರಣಿಯ ಮೊಕದ್ದಮೆಯಲ್ಲಿ. ಬಹುಮತದ ತೀರ್ಪನ್ನು ಬರೆದವರು ಮುಖ್ಯ ನ್ಯಾಯಮೂರ್ತಿ ವೈ. ವಿ. ಚಂದ್ರಚೂಡ್; 1976ರಲ್ಲಿ ಸರ್ಕಾರದ ಕಡೆ ನಿಂತ ನಾಲ್ವರಲ್ಲಿ ಅವರೂ ಒಬ್ಬರಾಗಿದ್ದರು. ಆ 1976ರ ತೀರ್ಪನ್ನು ಹೆಸರೆತ್ತಿ ರದ್ದುಗೊಳಿಸಿದ್ದು 2017ರ ಆಗಸ್ಟ್ 24ರಂದು, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಖಾಸಗಿತನದ ಹಕ್ಕಿಗಾಗಿ ಹೂಡಿದ ದಾವೆಯಲ್ಲಿ. ಆ ಮಾತುಗಳನ್ನು ಬರೆದವರು ಚಂದ್ರಚೂಡರ ಮಗ. ಪಶ್ಚಾತ್ತಾಪಕ್ಕೆ ಒಂದು ತಲೆಮಾರು ಬೇಕಾದೀತೆಂದು ಸತ್ಯೋಪದೇಶದಲ್ಲಿ ನಾವು ಹೇಳುವುದಿಲ್ಲ. ಸಂಸ್ಥೆಗಳ ವಿಷಯದಲ್ಲಿ ಹೇಳಬೇಕೇನೋ.

ಕನ್ನಡಿಗರಾಗಿ ನಾವು ಮುಜುಗರದಿಂದ ನೆನೆಯಬೇಕಾದ ಇನ್ನೊಂದು ಅಂಕಿಯಿದೆ. 1977ರ ಮಾರ್ಚ್‌ನ ಚುನಾವಣೆಯಲ್ಲಿ ಉತ್ತರ ಭಾರತವು ಸರ್ಕಾರವನ್ನು ಕೆಳಗಿಳಿಸಿದಾಗ, ಕರ್ನಾಟಕದ 28 ಸ್ಥಾನಗಳಲ್ಲಿ 26 ಕಾಂಗ್ರೆಸ್ಸಿಗೇ ಬಂದವು. ಇದಕ್ಕೆ ಜನರ ಅಜ್ಞಾನವೇ ಕಾರಣವೆನ್ನುವುದು ಸರಿಯಲ್ಲ. ಭೂಮಿ ಪಡೆದ ಒಕ್ಕಲಿಗೆ, ಮೊದಲ ಬಾರಿಗೆ ಅಧಿಕಾರದ ಪಡಸಾಲೆ ಕಂಡ ಹಿಂದುಳಿದ ಸಮುದಾಯಗಳಿಗೆ ಆ ಪಕ್ಷ ಕೊಟ್ಟದ್ದು ನಿಜವಾದ ಒಳಿತೇ. ಕಷ್ಟವಿರುವುದೂ ಇಲ್ಲಿಯೇ. ಒಳಿತನ್ನೇ ಮಾಡದ ನಾಯಕನಿಂದ ಸಂವಿಧಾನಕ್ಕೆ ಬರುವ ಅಪಾಯ ಕಡಿಮೆ, ಏಕೆಂದರೆ ಅವನನ್ನು ಯಾರೂ ನಂಬುವುದಿಲ್ಲ. ಅಂಬೇಡ್ಕರರು 1949ರ ನವೆಂಬರ್ 25ರಂದು ಸಂವಿಧಾನ ರಚನಾಸಭೆಯಲ್ಲಿ ಎಚ್ಚರಿಸಿದ್ದು ಈ ಕೃತಜ್ಞತೆಯ ಬಗ್ಗೆಯೇ. ಧರ್ಮದಲ್ಲಿ ಭಕ್ತಿ ಮೋಕ್ಷದ ದಾರಿಯಾದೀತು, ರಾಜಕಾರಣದಲ್ಲಿ ಅದು ಸರ್ವಾಧಿಕಾರದ ದಾರಿಯೆಂಬುದು ಅವರ ಮಾತಿನ ಸಾರ. ದೇವಭಕ್ತಿಯನ್ನು ಕಲಿಸುವುದೇ ಕಾಯಕವಾಗಿರುವ ನಾವು ಈ ಭೇದವನ್ನು ಪ್ರಬೋಧನೆಯಲ್ಲಿ ಎಷ್ಟು ಸಲ ಬಿಡಿಸಿ ಹೇಳಿದ್ದೇವೆ?

ಮೆಚ್ಚಿನವರು

ಇದೊಂದು ಪಕ್ಷದ ಕಥೆಯೆಂದು ಯಾರೂ ತಿಳಿಯಬೇಕಾಗಿಲ್ಲ. ತುರ್ತು ಪರಿಸ್ಥಿತಿಯಲ್ಲಿ ಸೆರೆವಾಸ ಅನುಭವಿಸಿ ಬಂದವರ ಜನತಾ ಸರ್ಕಾರವು 1977ರಲ್ಲಿ ಒಂಬತ್ತು ರಾಜ್ಯಗಳ ಕಾಂಗ್ರೆಸ್ ಸರ್ಕಾರಗಳನ್ನು ಒಟ್ಟಿಗೆ ವಜಾ ಮಾಡಿತು. 1980ರಲ್ಲಿ ಮರಳಿ ಬಂದ ಇಂದಿರಾ ಗಾಂಧಿಯವರು ಒಂಬತ್ತನ್ನೇ ವಜಾ ಮಾಡಿ ಲೆಕ್ಕ ಸರಿದೂಗಿಸಿದರು. ಎರಡೂ ಸಲ ಬಳಕೆಯಾದದ್ದು 356ನೆಯ ವಿಧಿ.

ಅದಕ್ಕೆ ಕಡಿವಾಣ ಬಿದ್ದದ್ದೂ ಕರ್ನಾಟಕದ ಮೊಕದ್ದಮೆಯಿಂದ. 1989ರ ಏಪ್ರಿಲ್‌ನಲ್ಲಿ ಶಾಸಕ ಕೆ. ಆರ್. ಮೊಳಕೇರಿಯವರು ಎಸ್. ಆರ್. ಬೊಮ್ಮಾಯಿ ಸರ್ಕಾರಕ್ಕೆ ಬೆಂಬಲ ಹಿಂತೆಗೆದುಕೊಳ್ಳುವ 19 ಪತ್ರಗಳನ್ನು ರಾಜ್ಯಪಾಲ ಪಿ. ವೆಂಕಟಸುಬ್ಬಯ್ಯನವರಿಗೆ ಒಪ್ಪಿಸಿದರು. ಅವರಲ್ಲಿ ಏಳು ಮಂದಿ ಮರುಕ್ಷಣವೇ ಎಂಬಂತೆ ತಮ್ಮ ಬೆಂಬಲ ಸರ್ಕಾರಕ್ಕಿದೆಯೆಂದು ಬರೆದುಕೊಟ್ಟರು. ಸದನದಲ್ಲೇ ಬಹುಮತ ತೋರಿಸುತ್ತೇನೆಂದು ಮುಖ್ಯಮಂತ್ರಿ ಕೇಳಿಕೊಂಡರು. ರಾಜ್ಯಪಾಲರು ಸದನವನ್ನು ಕಾಯಲಿಲ್ಲ; ಏಪ್ರಿಲ್ 21ರಂದು ಸರ್ಕಾರ ವಜಾ ಆಯಿತು. ಸದನದಲ್ಲಿ ತಲೆ ಎಣಿಸದೆ ರಾಜಭವನದಲ್ಲಿ ಕುಳಿತು ಬಹುಮತ ತೀರ್ಮಾನಿಸಲಾಗದೆಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಹೇಳಿದ್ದು 1994ರ ಮಾರ್ಚ್ 11ರಂದು. ಬೊಮ್ಮಾಯಿಯವರಿಗೆ ಅಧಿಕಾರ ಮರಳಲಿಲ್ಲ. ಮುಂದೆ ಬಂದ ಅನೇಕ ಮುಖ್ಯಮಂತ್ರಿಗಳಿಗೆ ರಕ್ಷಣೆ ದೊರೆಯಿತು.

ಈ ಎಲ್ಲ ಘಟನೆಗಳಲ್ಲಿ ನಾಯಕನೊಬ್ಬನೇ ಏನನ್ನೂ ಮಾಡಲಿಲ್ಲ. ರಾತ್ರಿ ಸಹಿ ಹಾಕಿದವರು, ಬೆಳಿಗ್ಗೆ ಒಪ್ಪಿಗೆ ಕೊಟ್ಟವರು, ಶನಿವಾರ ವಿಧಾನಸಭೆಗಳಲ್ಲಿ ಕೈಯೆತ್ತಿದವರು, ವರ್ಗಾವಣೆಯ ಆದೇಶ ಟೈಪು ಮಾಡಿದವರು, ಸದನವನ್ನು ಕಾಯದ ರಾಜ್ಯಪಾಲರು ಇದ್ದರು. ತಾಮ್ರಪಟದ ಮೊದಲ ಎಚ್ಚರಿಕೆ ದೊರೆಗೆ ಬೇಕಾದವರ ಮದದ ಕುರಿತಾಗಿರುವುದು ನನಗೆ ಆಕಸ್ಮಿಕವೆನಿಸುವುದಿಲ್ಲ. ತೋಟದ ಬೇಲಿ ದಾಟಿ ಹುಲ್ಲು ಸೌದೆ ಎತ್ತಿಕೊಂಡು ಹೋಗುವವನು ದೊರೆಯೇ ಆಗಿರುವುದು ಅಪರೂಪ.

ಗುರುಗಳಾದ ನಾವು ಈ ಮೆಚ್ಚಿನವರ ಸಾಲಿನಲ್ಲಿಲ್ಲವೇ? ಧರ್ಮಕೇಂದ್ರದಲ್ಲಿ ದೊರೆಯೂ ನಾವೇ ಆಗಬಹುದು. ಧರ್ಮಸಭೆಯ ಕಾನೂನು ಸಂಹಿತೆಯ 537ನೆಯ ವಿಧಿಯಂತೆ ಪ್ರತಿ ಧರ್ಮಕೇಂದ್ರದಲ್ಲೂ ಹಣಕಾಸು ಸಮಿತಿ ಇರಲೇಬೇಕು. ದೀಕ್ಷೆಯಾದ ಕೆಲವೇ ವರ್ಷಗಳಲ್ಲಿ ಬಯಲುಸೀಮೆಯ ಒಂದು ಧರ್ಮಕೇಂದ್ರದ ವಿಚಾರಣಾ ಗುರುವಾಗಿದ್ದಾಗ ನಾನು ಸಮುದಾಯ ಭವನದ ಕೆಲಸವನ್ನು ಸಮಿತಿ ಸೇರಿಸದೆಯೇ ಶುರುಮಾಡಿಸಿದೆ. ಮಳೆ ಬರುವುದರೊಳಗೆ ಸೂರು ಮುಗಿಯಬೇಕೆಂಬುದು ನನ್ನ ಸಮರ್ಥನೆ, ಅದು ಸುಳ್ಳೂ ಆಗಿರಲಿಲ್ಲ. ಲೆಕ್ಕ ಒಪ್ಪಿಸುವ ಹೊತ್ತಿಗೆ ನಡಾವಳಿ ಪುಸ್ತಕದಲ್ಲಿ ಹಿಂದಿನ ತಾರೀಖು ಹಾಕಿ ನಿರ್ಣಯ ಬರೆದು ಮನೆಮನೆಗೆ ಕಳುಹಿಸಿದೆ. ನಾಲ್ವರು ಸಹಿ ಹಾಕಿದರು. ನಿವೃತ್ತ ಶಾಲಾ ಮಾಸ್ತರರೊಬ್ಬರು ಪುಸ್ತಕ ಹಿಡಿದುಕೊಂಡು ಸಂಜೆ ಗುರುಮನೆಗೇ ಬಂದರು. “ಭವನ ಚಲೋ ಆಗೇತಿ ಫಾದರ್, ನನ್ನ ತಕರಾರೇನಿಲ್ಲ. ಸಭೆ ಕೂಡ್ಲಿಲ್ಲಲ್ಲ, ಕೂಡಿತ್ತು ಅಂತ ಹ್ಯಾಂಗ ಬರೀಲಿ?” ಎಂದರು. ನನಗೆ ಸಿಟ್ಟು ಬಂತು. ಅವರಿಗೆ ಭವನ ಬೇಡವಾಗಿದೆಯೆಂದು ಹಲವರ ಮುಂದೆ ಅಂದೂಬಿಟ್ಟೆ. ಒಂದು ವಿಧಿಯನ್ನು ನೆನಪಿಸಿದವರನ್ನು ಜನರ ಒಳಿತಿಗೆ ವಿರೋಧಿಯೆಂದು ಕರೆಯಲು ನನಗೆ ಒಂದು ವಾರವೂ ಬೇಕಾಗಲಿಲ್ಲ. ಆಮೇಲೆ ಸಮಿತಿ ಕರೆದು, ನಿಜವಾದ ತಾರೀಖು ಹಾಕಿ, ನಡೆದದ್ದನ್ನು ನಡೆದಂತೆ ಬರೆದೆವು. ಮಾಸ್ತರರು ಆ ಪುಟಕ್ಕೆ ಸಹಿ ಹಾಕಿದರು. ಅವರ ಬಳಿ ಕ್ಷಮೆ ಕೇಳಲು ಮಾತ್ರ ನಾನು ತುಂಬ ದಿನ ತೆಗೆದುಕೊಂಡೆ.

ಅರಸನು ಬರೆದುಕೊಳ್ಳಬೇಕಾದ ಪ್ರತಿಯ ಮೂಲ ಯಾಜಕರ ವಶದಲ್ಲಿತ್ತೆಂದು ಹೇಳಿದೆನಷ್ಟೆ. ಅರಸುಗಳ ಎರಡನೆಯ ಗ್ರಂಥದ 22ನೆಯ ಅಧ್ಯಾಯಕ್ಕೆ ಬರುವಷ್ಟರಲ್ಲಿ ಆ ಗ್ರಂಥ ಕಳೆದುಹೋಗಿದೆ, ಅದೂ ದೇವಾಲಯದೊಳಗೆ, ಯಾಜಕರ ಮನೆಯಂಗಳದಲ್ಲೇ. ದುರಸ್ತಿಯ ಹಣದ ಲೆಕ್ಕ ಮಾಡುವಾಗ ಮಹಾಯಾಜಕ ಹಿಲ್ಕೀಯನಿಗೆ ಅದು ಸಿಕ್ಕಿತು. ಓದಿ ಹೇಳಿದಾಗ ಅರಸ ಯೋಷೀಯನು ತನ್ನ ಬಟ್ಟೆಯನ್ನು ಹರಿದುಕೊಂಡನು. ಅವನ ಮಗ ಯೆಹೋಯಾಕೀಮನು ಹರಿದದ್ದು ಗ್ರಂಥವನ್ನು. ಯೆರೆಮೀಯನು ಹೇಳಿ ಬಾರೂಕನು ಬರೆದ ಸುರುಳಿಯನ್ನು ಚಳಿಗಾಲದ ಅಗ್ಗಿಷ್ಟಿಕೆಯ ಮುಂದೆ ಕುಳಿತು, ಓದಿದಷ್ಟನ್ನು ಚೂರಿಯಿಂದ ಕೊಯ್ದು ಕೊಯ್ದು ಬೆಂಕಿಗೆ ಹಾಕಿದನು (ಯೆರೆಮೀಯ 36). ಸುತ್ತ ನಿಂತಿದ್ದ ಸೇವಕರಾರೂ ಬೆದರಲಿಲ್ಲ. ಸುಡಬೇಡಿರೆಂದು ಬೇಡಿಕೊಂಡವರು ಮೂವರೇ, ಎಲ್ನಾಥಾನ್, ದೆಲಾಯ ಮತ್ತು ಗೆಮರ್ಯ. ಅರಸನು ಅವರ ಮಾತನ್ನು ಕೇಳಲಿಲ್ಲವಾದರೂ ಅವರ ಹೆಸರುಗಳನ್ನು ಗ್ರಂಥ ಉಳಿಸಿಕೊಂಡಿದೆ. ಬಾರೂಕನು ಇನ್ನೊಂದು ಸುರುಳಿ ತೆಗೆದುಕೊಂಡು ಸುಟ್ಟುಹೋದದ್ದನ್ನೆಲ್ಲ ಮತ್ತೆ ಬರೆದನು. ಅದರ ಜೊತೆಗೆ ಅಂಥ ಇನ್ನೂ ಅನೇಕ ಮಾತುಗಳು ಸೇರಿದವು.